ನೀರು ಬಿಡುವವನು

ನಾಳೆ ಹರಾಜು.
ಪೊನ್ನಂಪೇಟೆಯ ಬೇಕರಿಯಲ್ಲಿ ಬಿಸ್ಕತ್ತಿನ ರಟ್ಟು ಹರಿದು
ಪಟ್ಟಿ ಬರೆದಿದ್ದಾರೆ: ಯಾರು, ಯಾವ ತಂಡ, ಎಷ್ಟು ಲಕ್ಷ.
ಮೊದಲ ಹೆಸರು ಬಿದ್ದಪ್ಪನದೇ.
ರಾಂಚಿಯವರು ಮೂವತ್ತಕ್ಕೆ ಕೂಗುತ್ತಾರಂತೆ,
ಚೆನ್ನೈಯವರು ಮೂವತ್ತೆಂಟು ಎತ್ತಿಟ್ಟಿದ್ದಾರಂತೆ,
ಅಲ್ಲ, ಚೆನ್ನೈಯವರೇ ಈ ಸುದ್ದಿ ಬಿಟ್ಟಿದ್ದಂತೆ,
ರಾಂಚಿಯ ಚೀಲ ಬೇಗ ಖಾಲಿಯಾಗಲಿ ಎಂದು.
ಒಂದು ಅಂತೆಗೆ ಇನ್ನೊಂದು ಅಂತೆ ಹೆಗಲು ಕೊಟ್ಟು
ಗೋಣಿಕೊಪ್ಪದ ಬಸ್ಸು ಹತ್ತಿ ಹೋಗಿ
ಸಂಜೆಯೊಳಗೆ ಐದು ಲಕ್ಷ ದಪ್ಪಗಾಗಿ ವಾಪಸು ಬರುತ್ತದೆ.

ಹೂಮಳೆ ಎಂದು ಬೀಳುತ್ತದೆಂದು ಇದೇ ಬಾಯಿಗಳು
ಮಾರ್ಚಿನಲ್ಲಿ ಹೇಳಿದ್ದವು. ಬಿದ್ದದ್ದು ಬೇರೆ ದಿನ.
ಕರಿಮೆಣಸಿನ ಧಾರಣೆಯನ್ನೂ ಹೇಳಿದ್ದವು.
ಆಮೇಲೆ ಯಾರೂ ಯಾರನ್ನೂ ಕೇಳುವುದಿಲ್ಲ.

ನನ್ನನ್ನು ಕೇಳುತ್ತಾರೆ.
ಟರ್ಫಿಗೆ ನೀರು ಬಿಡುವವನು ನಾನು, ಚಾತ.
ಬೆಳಗಿನ ಐದಕ್ಕೆ ಪಂಪು ಹಾಕುವವನಿಗೆ
ಗೊತ್ತಿರದೆ ಇರುತ್ತದೆಯೇ ಎಂದು
ಒಬ್ಬ ಬೀಡಿ ಕೊಡುತ್ತಾನೆ, ಒಬ್ಬ ಅರ್ಧ ಕೆಜಿ ಪಂದಿ.
ಬೆಟ್ ಕಟ್ಟಿದ ಉತ್ತಯ್ಯ ಮೇಷ್ಟ್ರು
ನನ್ನ ಮುಖವನ್ನು ಪಂಚಾಂಗದ ಹಾಗೆ ಓದುತ್ತಾರೆ.

ನಿನ್ನೆ ಫೋನು ಬಂತು. ಹಿಂದಿ ಬೆರೆಸಿದ ಕನ್ನಡ.
ಹೆಸರು ಹೇಳಲಿಲ್ಲ, ತಂಡ ಹೇಳಲಿಲ್ಲ.
"ಎಡಮಂಡಿ ಹೇಗಿದೆ? ಐದು ಸಾವಿರ ಈಗಲೇ ಹಾಕುತ್ತೇನೆ."
ಐದು ಸಾವಿರ. ನನ್ನ ಅರ್ಧ ತಿಂಗಳು.

ಹದಿನಾಲ್ಕು ವರ್ಷ ತಿತಿಮತಿಯ ನಾಟಾ ಡಿಪೋದಲ್ಲಿದ್ದೆ.
ಅಲ್ಲೂ ಹರಾಜಿನ ಮುನ್ನಾದಿನ ಹೀಗೇ
ಮರದ ಸಾಹುಕಾರರು ಪಕ್ಕಕ್ಕೆ ಕರೆದು ಕೇಳುವರು:
ಯಾವುದು ಪೊಳ್ಳು, ಯಾವುದು ಗಟ್ಟಿ?
ಕೊಡಲಿಯ ಬೆನ್ನಲ್ಲಿ ಬಡಿದು ಕಿವಿಗೊಟ್ಟರೆ
ಮರ ತಾನೇ ಹೇಳುತ್ತದೆ ಎಂದುಕೊಂಡಿದ್ದೆ.
ನಂಬರು ಇನ್ನೂರ ಹನ್ನೊಂದು, ಬೀಟೆ. ಬಡಿದೆ. ಪೊಳ್ಳು ಎಂದೆ.
ಸೌದೆಯ ಬೆಲೆಗೆ ಹೋಯಿತು.
ಮಿಲ್ಲಿನಲ್ಲಿ ಕೊಯ್ದರೆ ಒಳಗೆಲ್ಲ ಕರಿ ಕಲ್ಲು.
ಕೊಂಡವನು ನನಗೆ ಕುಡಿಸಿದ.
ಆ ರಾತ್ರಿ ಕುಡಿದದ್ದು ಇನ್ನೂ ಇಳಿದಿಲ್ಲ.

ಮಂಡಿ. ಹೌದು, ನೋಡಿದ್ದೇನೆ.
ಕಾರ್ನರಿಗೆ ಎಡಗಾಲು ಚಾಚಿ ಬಗ್ಗುವಾಗ ಹಲ್ಲು ಕಚ್ಚುತ್ತಾನೆ.
ಚೆಂಡು ಮಾತ್ರ ಗೋಲಿನ ಹಲಗೆಗೆ ಬಡಿದು ಫಡ್ ಎನ್ನುತ್ತದೆ,
ಬೇಲಿಯಾಚೆ ಮಲಗಿದ ನಾಯಿ ಏಳುತ್ತದೆ.
ಹತ್ತಕ್ಕೆ ಎಂಟು. ಮೊನ್ನೆ ಒಂಬತ್ತು.
ಇದನ್ನು ಬಡಿದು ನೋಡಿ ಏನೆಂದು ಹೇಳಲಿ?

"ನೀರು ನೋಡುವವನು ನಾನು, ಮಂಡಿ ನೋಡುವವನಲ್ಲ" ಎಂದೆ.
ಆ ಕಡೆಯಿಂದ ಫೋನು ಇಟ್ಟರು.
ಪಕ್ಕದಲ್ಲಿ ಗೇಟಿನ ಮೊಣ್ಣಪ್ಪ ನಿಂತಿದ್ದ.
ಸಂಜೆ ಬೇಕರಿಯಲ್ಲಿ ಹೊಸ ಸುದ್ದಿ:
ಚಾತ ಬಾಯಿ ಬಿಡಲಿಲ್ಲವಂತೆ, ಹಾಗಾದರೆ ಏನೋ ಇದೆ.
ರಟ್ಟಿನ ಮೇಲೆ ಮೂವತ್ತೆಂಟು ಹೊಡೆದು
ಇಪ್ಪತ್ತೆರಡು ಬರೆದರು.
"ಬಿದ್ದಪ್ಪ ಬಿದ್ದನಪ್ಪ" ಎಂದು ಯಾರೋ ನಕ್ಕರು,
ಆ ಹಾಸ್ಯಕ್ಕೆ ಒಂದು ಟೀ ಬಿಟ್ಟಿ.
ನನ್ನ ಮೌನ ಹದಿನಾರು ಲಕ್ಷ ತಿಂದಿತು.

ಈಗ ಐದೂ ಮುಕ್ಕಾಲು. ಮಂಜು ಗೋಲಿನ ಬಲೆಯಲ್ಲಿ ಸಿಕ್ಕಿಕೊಂಡಿದೆ.
ಅವನು ಬಂದ, ಹೊಡೆದ, ಒದ್ದೆ ಬೂಟಿನಲ್ಲಿ
ಸಿಮೆಂಟು ದಾಟಿ ನಲ್ಲಿಯ ಹತ್ತಿರ ಕೂತ.
"ಚಾತಣ್ಣ, ಪೇಟೇಲಿ ಏನಂತಾರೆ?"
"ಮಳೆ ಬರ್ತದೆ ಅಂತಾರೆ."
ನಕ್ಕ. ಕಿಟ್ಟು ಹೆಗಲಿಗೇರಿಸಿ ಹೋದ,
ಇಪ್ಪತ್ತೊಂದರ ಹುಡುಗ, ತಿರುಗಿ ನೋಡದೆ.

ಸಿಮೆಂಟಿನ ಮೇಲೆ ಸಾಲು ಗುರುತು:
ಬಲದ್ದು ಇಡೀ ಪಾದ,
ಎಡದ್ದು ಬೆರಳ ಕಡೆ ಮಾತ್ರ, ಹಿಮ್ಮಡಿಯಿಲ್ಲ.
ಆರಕ್ಕೆ ಉತ್ತಯ್ಯ ಮೇಷ್ಟ್ರು ವಾಕಿಂಗಿಗೆ ಬರುತ್ತಾರೆ,
ಕನ್ನಡಕ ಹಾಕಿಕೊಂಡು.

ಪೈಪು ತಿರುಗಿಸಿದೆ.
ಟರ್ಫಿನ ಕಡೆಗಲ್ಲ.